ವೀರಭದ್ರಪ್ಪನವರನ್ನು ಬೀಳ್ಕೊಟ್ಟದ್ದು

ಮನುಷ್ಯ ಒಳ್ಳೆಯವನೆಂಬ ಸಂಗತಿ ನಮ್ಮ ಜನಕ್ಕೆ ಹೊಳೆಯುವುದು ಅವನು ಹೊರಟು ನಿಂತಾಗ. ಈ ಲೋಕವನ್ನೇ ಬಿಟ್ಟು ಹೊರಟವನಿಗೆ ಆ ಸುದ್ದಿ ತಲುಪುವ ಹಾಗಿಲ್ಲ, ಪಾಪ. ಸರ್ಕಾರಿ ನೌಕರನ ಪುಣ್ಯ ದೊಡ್ಡದು. ಅವನು ಬದುಕಿರುವಾಗಲೇ, ಅದೂ ಮತ್ತೆ ಮತ್ತೆ, ತನ್ನ ಗುಣಗಾನವನ್ನು ಕಿವಿಯಾರೆ ಕೇಳಬಹುದು. ಅದಕ್ಕಾಗಿಯೇ ಸರ್ಕಾರ ವರ್ಗಾವಣೆ ಎಂಬ ಏರ್ಪಾಡು ಮಾಡಿದೆ. ವರ್ಗವಾದವನನ್ನು ಕಚೇರಿಯ ಒಳ್ಳೆಯ ಕುರ್ಚಿಯ ಮೇಲೆ ಕೂರಿಸುತ್ತಾರೆ. ಕೊರಳಿಗೆ ಸೇವಂತಿಗೆ ಹಾರ, ಕೈಗೊಂದು ನಿಂಬೆಹಣ್ಣು. ನಿನ್ನೆ ಸಂಜೆಯವರೆಗೆ ಅವನ ಹೆಸರೆತ್ತಿದರೆ ಹಲ್ಲು ಕಡಿಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು, ಗಂಟಲು ಸರಿಮಾಡಿಕೊಂಡು, ಇಂಥ ಸಜ್ಜನ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಸೂಚನೆಯೂ ಇಲ್ಲ ಎನ್ನುತ್ತಾರೆ. ಹಾರದೊಳಗಿನ ಇರುವೆ ಕತ್ತಿನ ಮೇಲೆ ಹರಿದಾಡುತ್ತಿದ್ದರೂ ಆತ ಕೆರೆದುಕೊಳ್ಳದೆ ತಲೆ ತಗ್ಗಿಸಿ ಕೇಳಬೇಕು. ಕೊನೆಗೆ ಎದ್ದು, "ನನ್ನಿಂದ ಏನಾದರೂ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ" ಎನ್ನಬೇಕು. ಆಮೇಲೆ ಎಲ್ಲರೂ ಉಪ್ಪಿಟ್ಟು, ಕೇಸರಿಬಾತನ್ನು ಹೊಟ್ಟೆಗೆ ಹಾಕಿಕೊಂಡು ಮನೆಗೆ ಹೋಗುತ್ತಾರೆ.

ಇಲ್ಲಿ ಆಡುವ ಮಾತನ್ನು ಯಾರೂ ನಂಬಕೂಡದು ಎಂಬುದು ಅಲ್ಲಿ ಸೇರಿದವರೆಲ್ಲರ ನಡುವಿನ ಒಪ್ಪಂದ. ಹೇಳುವವನು ನಂಬುವುದಿಲ್ಲ, ಕೇಳುವವರು ನಂಬುವುದಿಲ್ಲ, ಹಾರ ಹಾಕಿಸಿಕೊಂಡವನಂತೂ ನಂಬುವುದೇ ಇಲ್ಲ. ಅವನಿಗೆ ತನ್ನ ವಿಚಾರ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹೋಟೆಲಿನಿಂದ ಉಪ್ಪಿಟ್ಟು ಬರುವ ತನಕ ಹೊತ್ತು ಹೋಗಬೇಕಲ್ಲ, ಅದಕ್ಕೆ ಮಾತು. ನನ್ನ ಇಡೀ ಸರ್ವೀಸಿನಲ್ಲಿ ಈ ಒಪ್ಪಂದವನ್ನು ಮುರಿದವರು ಒಬ್ಬರೇ ಒಬ್ಬರು, ನಮ್ಮ ಹೆಡ್ ಕ್ಲಾರ್ಕ್ ವೀರಭದ್ರಪ್ಪನವರು. ಅವರು ನಂಬಿಬಿಟ್ಟರು. ಅದರಿಂದ ಕೆಟ್ಟವನು ನಾನು.

ನಾನಿದ್ದ ಕಚೇರಿ ಭದ್ರಾವತಿಯಲ್ಲಿತ್ತು. ಯಾವ ಇಲಾಖೆಯೆಂದು ಹೇಳುವುದಿಲ್ಲ, ಪಿಂಚಣಿ ಇನ್ನೂ ಅಲ್ಲಿಂದಲೇ ಬರುತ್ತಿದೆ. ಮನೆ ಮಾತ್ರ ಶಿವಮೊಗ್ಗದ ಕೋಟೆಯಲ್ಲಿ. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುತ್ತಿದ್ದೆ. ಭದ್ರಾವತಿ ಆಗ ಊರಿಗೆ ಊರೇ ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೆ ಮಲಗುತ್ತಿತ್ತು. ಯಾವ ಸದ್ದಿಗೂ ಏಳದೆ ಇದ್ದದ್ದು ನಮ್ಮ ಕಚೇರಿಯೊಂದೇ. ಒಳಕೋಣೆಯಲ್ಲಿ ಸಾಹೇಬರು, ಹೊರಗಿನ ಹಾಲಿನಲ್ಲಿ ನಾವು. ಹಾಲಿನಲ್ಲಿ ಕೈ ಇರುವ ಕುರ್ಚಿ ಒಂದೇ ಇತ್ತು. ಅದು ಹೆಡ್ ಕ್ಲಾರ್ಕರದು. ಬೆತ್ತ ಹೆಣೆದದ್ದು, ಬೆನ್ನಿಗೆ ಒರಗು ಬೇರೆ. ಅದರ ಎದುರಿಗೆ ಎರಡನೇ ಗುಮಾಸ್ತನಾದ ನನ್ನ ಕುರ್ಚಿ. ಅದಕ್ಕೆ ಕೈ ಇಲ್ಲ, ಒಂದು ಕಾಲೂ ಅನುಮಾನದ್ದು. ಕೈ ಇಲ್ಲದ ಕುರ್ಚಿಯಲ್ಲಿ ಕೂತು, ಕೈ ಇರುವ ಕುರ್ಚಿಯನ್ನು ದಿನವಿಡೀ ಎದುರಿಗೇ ನೋಡುತ್ತ ವರ್ಷಗಟ್ಟಲೆ ಕಳೆದವನ ಸಂಕಟ ಅನುಭವಿಸಿದವರಿಗೇ ಗೊತ್ತು.

ವೀರಭದ್ರಪ್ಪನವರಿಗೆ ಹೆಸರಿಟ್ಟವರು ಯಾರೋ, ಮಗುವಿನ ಮೊದಲ ಅಳು ಕೇಳಿಯೇ ಇಟ್ಟಿರಬೇಕು. ಅವರು "ಒಂದು ಲೋಟ ನೀರು ಕೊಡಿ" ಎಂದರೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಮೂಗಿಗೆ ನಶ್ಯ ಏರಿಸಿಕೊಂಡು, ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಂತು, ನಾವು ಬರೆಯುವುದನ್ನು ಓದುತ್ತಿದ್ದರು. ನಾವು ಬರೆದದ್ದನ್ನು ಹೊಡೆದುಹಾಕಿ ಅದನ್ನೇ ಹಿಂದುಮುಂದಾಗಿ ತಾವು ಬರೆಯುತ್ತಿದ್ದರು. ರಜೆ ಕೇಳಿದರೆ, "ಯಾಕೆ, ಏನು, ಯಾರಿಗೆ ಸೀಕು, ನೀವು ಹೋದ್ರೆ ವಾಸಿ ಆಗುತ್ತಾ?" ಎಂದು ವಿಚಾರಣೆ ಮಾಡಿ, ಇಲ್ಲ ಎನ್ನುತ್ತಿದ್ದರು. ನಮ್ಮ ರೈಲು ಸ್ವಲ್ಪ ತಡವಾಯಿತೋ, ಬಾಗಿಲಲ್ಲೇ ಸ್ವಾಗತ: "ಓಹೋ, ಶಿವಮೊಗ್ಗದಿಂದ ದಿಬ್ಬಣ ಬಂತು! ಬನ್ನಿ ಬನ್ನಿ, ಕಾಲಿಗೆ ನೀರು ಕೊಡ್ಲಾ?" ಇಂಜಿನ್ನಿಗೆ ನೀರು ತುಂಬಿಸುವುದು ತಡವಾದರೆ ಅದಕ್ಕೆ ನಾನೇನು ಮಾಡಲಿ? ಆದರೆ ಅವರೆದುರು ಬಾಯಿ ಬಿಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಟೈಪಿಸ್ಟ್ ಷಣ್ಮುಗಂ ಮಾತ್ರ ತನ್ನ ಯಂತ್ರವನ್ನು ಬೇಕೆಂದೇ ಜೋರಾಗಿ ಕುಟ್ಟಿ ಸಿಟ್ಟು ತೀರಿಸಿಕೊಳ್ಳುತ್ತಿದ್ದ.

ಇಂಥ ವೀರಭದ್ರಪ್ಪನವರಿಗೆ ಒಂದು ದಿನ ಮೈಸೂರಿಗೆ ವರ್ಗವಾಯಿತು. ಅವರೇ ಕೇಳಿಕೊಂಡದ್ದು. ಮಗಳನ್ನು ಮೈಸೂರಿಗೆ ಕೊಟ್ಟಿದ್ದರು, ಮೊಮ್ಮಕ್ಕಳ ಜೊತೆ ಇರಬೇಕೆಂದು ವರ್ಷಗಳಿಂದ ಅರ್ಜಿ ಹಾಕುತ್ತಿದ್ದರು. ಆರ್ಡರ್ ಬಂದ ದಿನ ಕಚೇರಿಯಲ್ಲಿ ಯಾರೂ ಬಾಯಿಬಿಟ್ಟು ನಗಲಿಲ್ಲ, ಆದರೆ ಎಲ್ಲರ ಮುಖದಲ್ಲೂ ಹಬ್ಬ. ಅವರ ಜಾಗಕ್ಕೆ ನಾನೇ ಎಂದು ಸಾಹೇಬರು ಬಾಯಿಮಾತಿನಲ್ಲಿ ಹೇಳಿಯೂಬಿಟ್ಟರು. ಆ ಸಂಜೆ ರೈಲಿನಲ್ಲಿ ನಾನು ಕೂರಲೇ ಇಲ್ಲ, ಖುಷಿಗೆ ಶಿವಮೊಗ್ಗದವರೆಗೂ ಬಾಗಿಲ ಹತ್ತಿರ ನಿಂತೇ ಬಂದೆ. ಮನೆಗೆ ಬಂದು ಹೆಂಡತಿ ಸಾವಿತ್ರಿಗೆ, "ಇನ್ನೂ ಯಾರಿಗೂ ಹೇಳ್ಬೇಡ" ಎಂದೆ. ಹೆಂಡತಿಗೆ ಹಾಗೆ ಹೇಳುವುದೂ ಡಂಗುರ ಸಾರುವುದೂ ಒಂದೇ. ಮರುದಿನ ಬೆಳಿಗ್ಗೆ ನಾನು ಸ್ಟೇಷನ್ನಿಗೆ ಹೊರಟಾಗ ಕೋಟೆ ಬೀದಿಯ ಅರ್ಧ ಜನ, "ಏನ್ ಹೆಡ್ ಕ್ಲಾರ್ಕ್ ಸಾಹೇಬ್ರೇ, ಸ್ವೀಟ್ ಎಲ್ಲಿ?" ಎಂದರು. ಸಂಜೆ ಸಾವಿತ್ರಿ ಮನೆಮನೆಗೆ ಕೊಬ್ಬರಿ ಮಿಠಾಯಿ ಹಂಚಿದಳು. ಹೊಳೆಹೊನ್ನೂರಿನಲ್ಲಿದ್ದ ಅವಳ ಅಪ್ಪನಿಗೂ ಬಸ್ ಕಂಡಕ್ಟರ್ ಕೈಲಿ ಹೇಳಿಕಳಿಸಿದಳು.

ಈ ಮಾವನವರ ವಿಚಾರ ಸ್ವಲ್ಪ ಹೇಳಬೇಕು. ಅವರು ಗದ್ದೆಯವರು, ಮಾತಿನಲ್ಲಿ ಧಾರಾಳಿಗಳು. ಮದುವೆಯಾದಾಗಿನಿಂದ ನನ್ನನ್ನು ನೋಡಿದಾಗಲೆಲ್ಲ, "ಏನಳಿಯಂದ್ರೇ, ಇನ್ನೂ ಎರಡನೇ ಗುಮಾಸ್ತೆಯೇನಾ?" ಎಂದು ಕೇಳುತ್ತಿದ್ದರು. ಕ್ಷೇಮಸಮಾಚಾರ ಆಮೇಲೆ. ಅವರ ಇನ್ನೊಬ್ಬ ಅಳಿಯ ದಾವಣಗೆರೆಯಲ್ಲಿ ದೊಡ್ಡ ಅಂಗಡಿ ಇಟ್ಟಿದ್ದ. ಹಬ್ಬಕ್ಕೆ ಹೋದರೆ ಆ ಅಳಿಯನಿಗೆ ಜಗಲಿಯ ಮೇಲೆ ಒರಗುದಿಂಬು, ನನಗೆ ಕಂಬ. ಈಗ ಹೇಳಿಕಳಿಸಿದ ಮೇಲೆ ಆ ಕಡೆಯಿಂದ ಉತ್ತರ ಬಂತು: "ಬಹಳ ಸಂತೋಷ. ಬಿಡುವಾದಾಗ ಭದ್ರಾವತಿಗೆ ಬಂದು, ಆ ಕುರ್ಚಿಯಲ್ಲಿ ಕೂತಿರೋದನ್ನ ಕಣ್ಣಾರೆ ನೋಡ್ತೀನಿ." ನಂಬಿಕೆ ಎಷ್ಟು ನೋಡಿ!

ಇನ್ನು ಬೀಳ್ಕೊಡುಗೆ. ನಮ್ಮ ಕಚೇರಿಯಲ್ಲಿ ಅಂಥ ಸಮಾರಂಭಗಳಿಗೆಲ್ಲ ಹೊಗಳುವ ಕೆಲಸ ನನ್ನದೇ. ಹಾರ ತರುವುದು ಒಬ್ಬರು, ಉಪ್ಪಿಟ್ಟು ಒಬ್ಬರು, ಹೊಗಳಿಕೆ ನಾನು. ಆರ್ಡರಿನಲ್ಲಿ ಹೇಳಿದ ದಿನಕ್ಕೆ ಇನ್ನೂ ಸಮಯವಿತ್ತು. ಆದರೂ ಷಣ್ಮುಗಂ ಅವಸರ ಮಾಡಿದ. "ಸಾರ್, ಈ ವಾರವೇ ಹಾರ ಹಾಕಿಬಿಡೋಣ. ಹಾರ ಬಿದ್ದ ಮೇಲೆ ಮನುಷ್ಯ ನಿಲ್ಲಲ್ಲ ಸಾರ್. ಲೇಟ್ ಮಾಡಿದ್ರೆ ಏನಾಗುತ್ತೋ, ಮುರುಗನೇ ಬಲ್ಲ." ನನಗೂ ಸರಿಯೆನ್ನಿಸಿತು. ರಾಹುಕಾಲ ತಪ್ಪಿಸಿ, ಗುರುವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು.

ಹೊಗಳುವುದರಲ್ಲಿ ನನ್ನದೊಂದು ಪದ್ಧತಿಯಿದೆ. ಇಲ್ಲದ ಗುಣವನ್ನು ಹುಡುಕುತ್ತ ಕೂರಬಾರದು, ಇರುವ ಅವಗುಣವನ್ನೇ ತಿರುಗಿಸಿ ಹಾಕಬೇಕು. ಆ ವಾರ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಇದನ್ನೇ ಮಾಡಿದೆ. ಕಿರುಚುತ್ತಾರೆ: ಒಳಗೊಂದು ಹೊರಗೊಂದು ಇಲ್ಲದ ತೆರೆದ ಮನಸ್ಸು. ಬೆನ್ನ ಹಿಂದೆ ನಿಂತು ಇಣುಕುತ್ತಾರೆ: ನಮ್ಮೆಲ್ಲರ ಕೆಲಸದಲ್ಲೂ ಬೆನ್ನಿಗೆ ನಿಂತವರು. ರಜೆ ಕೊಡುವುದಿಲ್ಲ: ನಮ್ಮನ್ನು ಒಂದು ದಿನವೂ ಅಗಲಿ ಇರಲಾರದವರು. ಮನೆಯವರ ಕಾಯಿಲೆಯನ್ನು ಕೆದಕಿ ಕೇಳುತ್ತಾರೆ: ತಾಯಿಯ ಕರುಳು. ಬರೆದದ್ದನ್ನು ಹೊಡೆದುಹಾಕುತ್ತಾರೆ: ನಮ್ಮನ್ನು ತಿದ್ದಿ ತೀಡಿದ ಗುರು. ಎದುರು ಸೀಟಿನ ಮುದುಕಿಯೊಬ್ಬಳು ನನ್ನ ತುಟಿ ಅಲ್ಲಾಡುವುದನ್ನು ನೋಡಿ, "ಜಪ ಮಾಡ್ತಿದೀರಾ ಸ್ವಾಮಿ?" ಎಂದಳು. ಹೂಂ ಎಂದೆ. ಕುರ್ಚಿಯ ಜಪ ಎಂದು ಹೇಳಲು ಬರುತ್ತದೆಯೆ?

ಗುರುವಾರ ನಾನು ಮಾತಾಡಿದ್ದು ಈಗಲೂ ನನಗೆ ಹೆಮ್ಮೆ. ಸ್ವಂತ ಲಾಭವಿದ್ದಾಗ ಮಾತಿಗೆ ಬರುವ ಕಳೆಯೇ ಬೇರೆ. ತೆರೆದ ಮನಸ್ಸು, ಬೆನ್ನಿಗೆ ನಿಂತದ್ದು, ತಾಯಿ ಕರುಳು, ಗುರು ಎಲ್ಲ ಮುಗಿದರೂ ನನ್ನ ಗಂಟಲಿಗೆ ಬ್ರೇಕು ಬೀಳಲಿಲ್ಲ. "ಇವರು ನಮಗೆ ಹೆಡ್ ಕ್ಲಾರ್ಕ್ ಅಲ್ಲ, ಹಿರಿಯಣ್ಣ! ಇವರು ಹೋದ ಮೇಲೆ ಈ ಕುರ್ಚಿಯನ್ನು ನೋಡಿದರೆ ನನ್ನ ಎದೆ ಒಡೆದುಹೋಗುತ್ತದೆ! ನಾವು ತಬ್ಬಲಿಗಳಾದೆವು!" ಎಂದುಬಿಟ್ಟೆ. ಷಣ್ಮುಗಂ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ, ಅವನ ಹೆಗಲು ಕುಣಿಯುತ್ತಿತ್ತು. ನಗುತ್ತಿದ್ದಾನೆಂದು ನಮಗೆಲ್ಲ ಗೊತ್ತು. ವೀರಭದ್ರಪ್ಪನವರು ಅವನನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಉತ್ತರ ಕೊಡಲು ಎದ್ದರು, ತುಟಿ ಅದುರಿತು, ಮಾತೇ ಹೊರಡಲಿಲ್ಲ. ಆ ಗಂಟಲಿನಿಂದ ಮಾತು ಹೊರಡದೆ ಇದ್ದದ್ದನ್ನು ನಾವು ನೋಡಿದ್ದು ಅದೇ ಮೊದಲು. ಕೊನೆಗೆ ಮೂಗು ಒರೆಸಿಕೊಂಡು, "ನನಗೆ ಇದೆಲ್ಲ ಗೊತ್ತೇ ಇರ್ಲಿಲ್ಲ ಕಣ್ರಪ್ಪಾ" ಎಂದಷ್ಟೇ ಹೇಳಿ ಕೂತರು. ಉಪ್ಪಿಟ್ಟು ಮುಟ್ಟಲಿಲ್ಲ. ಅವರ ಪಾಲನ್ನು ನಾನೇ ತಿಂದೆ.

ಮರುದಿನ ಅವರು ಬರಲಿಲ್ಲ. ಗಂಟುಮೂಟೆ ಕಟ್ಟುತ್ತಿರಬೇಕು ಎಂದುಕೊಂಡೆವು. ಶನಿವಾರವೂ ಇಲ್ಲ. ಯಾರೂ ನೋಡದಾಗ ನಾನು ಹೋಗಿ ಕೈ ಇರುವ ಕುರ್ಚಿಯಲ್ಲಿ ಸ್ವಲ್ಪ ಕೂತು ನೋಡಿದೆ. ಮೊಣಕೈಗಳಿಗೆ ಅಷ್ಟು ಸುಖವಿದೆಯೆಂದು ಅದುವರೆಗೆ ನನಗೆ ತಿಳಿದಿರಲಿಲ್ಲ. ಸೋಮವಾರಕ್ಕೆ ಮನೆಯಿಂದ ಒಂದು ದಿಂಬೂ ಹಿಡಿದುಕೊಂಡು ಹೊರಟೆ. ಬಾಗಿಲಲ್ಲಿ ಕಾಲಿಟ್ಟರೆ ಒಳಗಿನಿಂದ ಆ ಗಂಟಲು: "ಓಹೋ, ಶಿವಮೊಗ್ಗದ ದಿಬ್ಬಣ!" ಎಂದು ಶುರುವಾದದ್ದು ನಡುವೆಯೇ ನಿಂತು, ಮೆತ್ತಗಾಗಿ, "ಬನ್ನಿ ತಮ್ಮಾ, ಬನ್ನಿ" ಎಂದಾಯಿತು. ವೀರಭದ್ರಪ್ಪನವರು ಎದ್ದು ಬಂದು ದಿಂಬಿನ ಸಮೇತ ನನ್ನನ್ನು ತಬ್ಬಿಕೊಂಡರು.

"ನಾನು ಎಲ್ಲಿಗೂ ಹೋಗಲ್ಲ ಮಾರಾಯ್ರೇ! ಬೆಂಗಳೂರಿಗೆ ಹೋಗಿ, ಹೆಡ್ಡಾಫೀಸಲ್ಲಿ ಕೂತು, ಆರ್ಡರ್ ರದ್ದು ಮಾಡಿಸ್ಕೊಂಡು ಬಂದೆ. ಮೈಸೂರು ಬೇಡ ಅನ್ನೋನನ್ನ ಅವರು ಈವರೆಗೆ ನೋಡೇ ಇಲ್ವಂತೆ, ಮೇಲೆ ಕೆಳಗೆ ನೋಡಿದ್ರು. ನಾನು ಹೇಳ್ದೆ, ಸ್ವಾಮಿ, ಮಗಳ ಮನೇಲಿ ಮೊಮ್ಮಕ್ಕಳು ಬೆಳೆದು ಅವರ ಪಾಡಿಗೆ ಹೋಗ್ತಾವೆ. ಆದ್ರೆ ನಮ್ಮ ಆಫೀಸಲ್ಲಿ ನನ್ನ ತಮ್ಮಂದಿರು ಅಳ್ತಾ ಇದಾರೆ ಅಂತ. ಇಷ್ಟು ಪ್ರೀತಿ ಇಟ್ಕೊಂಡು ಇಷ್ಟು ವರ್ಷ ಒಂದು ಮಾತು ಹೇಳಲಿಲ್ವಲ್ಲ ನೀವು!"

ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡಿದ್ದೆ, ಅದೂ ಚಪ್ಪಾಳೆಯ ನಡುವೆ. ಅವರ ಭುಜದ ಮೇಲಿಂದ ನೋಡಿದರೆ ಹಾಲಿನಲ್ಲಿದ್ದವರೆಲ್ಲ ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದರು. ಮಧ್ಯಾಹ್ನ ಷಣ್ಮುಗಂ, "ಏನ್ ಸಾರ್, ಸ್ವಲ್ಪ ಕಮ್ಮಿ ಹೊಗಳಬಾರದಾಗಿತ್ತಾ? ಒಳ್ಳೆಯವರು, ಹೋಗಿ ಬನ್ನಿ, ಅಂದ್ರೆ ಸಾಕಿತ್ತು. ತಬ್ಬಲಿ ಯಾಕೆ ಸಾರ್ ಬೇಕಿತ್ತು?" ಎಂದು ಟಿಫನ್ ಡಬ್ಬಿ ಮುಚ್ಚಿದ. ಅವತ್ತು ಅವನು ತನ್ನ ಡಬ್ಬಿಯ ಪುಳಿಯೋಗರೆಯಲ್ಲಿ ನನಗೆ ಒಂದು ತುತ್ತೂ ಕೊಡಲಿಲ್ಲ. ಮನೆಯಲ್ಲಿ ಸಾವಿತ್ರಿ ಸುದ್ದಿ ಕೇಳಿ ಬಾಗಿಲು ಹಾಕಿಕೊಂಡು ಬಂದು ಪಿಸುಗುಟ್ಟಿದಳು. "ಅಲ್ಲಾ, ಜಗತ್ತಲ್ಲಿ ಹೆಂಡ್ತೀನ ಬಿಟ್ಟು ಎಲ್ಲರನ್ನೂ ಹೊಗಳೋಕೆ ಬರುತ್ತಲ್ಲ ನಿಮಗೆ! ಬೀದಿಯವರ ಹೊಟ್ಟೆಗೆ ಹೋದ ಮಿಠಾಯಿ ವಾಪಸ್ ಕೇಳೋಕಾಗುತ್ತಾ? ಅಪ್ಪನಿಗಂತೂ ನಾನು ಹೇಳಲ್ಲ. ಬೇಕಾದ್ರೆ ನೀವೇ ಹೇಳ್ಕೊಳ್ಳಿ." ನಾನು ಯಾಕೆ ಹೇಳಿಕೊಳ್ಳಲಿ? ಬೀದಿಯಲ್ಲಿ ಹೆಡ್ ಕ್ಲಾರ್ಕ್ ಸಾಹೇಬರೇ ಎಂದವರಿಗೆ ನಕ್ಕು ತಲೆಯಾಡಿಸುತ್ತ, ಎರಡನೇ ಗುಮಾಸ್ತನ ಕುರ್ಚಿಯಲ್ಲಿ ಕೂತು, ದಿನ ದೂಡಿದೆ.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ವೀರಭದ್ರಪ್ಪನವರು ನನ್ನ ಭಾಷಣದಂತೆ ಬಾಳಲು ಹೊರಟರು. ಮೊದಲಾದರೆ ಒಂದು ಸಲ ಗುಡುಗಿ ಮುಗಿಸುತ್ತಿದ್ದರು, ನಾವೂ ಮರೆಯುತ್ತಿದ್ದೆವು. ಈಗ ಗುರುವಲ್ಲವೆ? ತಪ್ಪು ಮಾಡಿದವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೃದುವಾಗಿ, ಆ ತಪ್ಪಿನ ಹುಟ್ಟು, ಬೆಳವಣಿಗೆ, ಅದರಿಂದ ಸರ್ಕಾರಕ್ಕಾಗುವ ಹಾನಿ ಎಲ್ಲವನ್ನೂ ವಿವರಿಸುತ್ತಿದ್ದರು. ಕಿರುಚಿದ್ದರೇ ಎಷ್ಟೋ ವಾಸಿಯಿತ್ತು. ಷಣ್ಮುಗಂ ಜ್ವರ ಎಂದು ಸುಳ್ಳು ಹೇಳಿ ಸಿನಿಮಾಕ್ಕೆ ಹೋಗಲು ರಜೆ ಹಾಕಿದ. ರಜೆ ತಕ್ಷಣ ಮಂಜೂರಾಯಿತು. ಅವನು ತಲೆ ಬಾಚಿಕೊಂಡು ಹೊರಡುವಷ್ಟರಲ್ಲಿ ತಾಯಿ ಕರುಳಿನ ಹೆಡ್ ಕ್ಲಾರ್ಕರು ತಂಬಿಗೆಯಲ್ಲಿ ಮೆಣಸಿನ ಕಷಾಯ ಹಿಡಿದು ಅವನ ಮನೆ ಬಾಗಿಲಲ್ಲಿ ನಿಂತಿದ್ದರು. ಕಂಬಳಿ ಹೊದೆಸಿ, ಪಕ್ಕದಲ್ಲೇ ಕೂತು, ಕಷಾಯ ಪೂರ್ತಿ ಕುಡಿಸಿದರು. ಮಧ್ಯಾಹ್ನವೇ ಷಣ್ಮುಗಂ ಬೆವರುತ್ತ ಕಚೇರಿಗೆ ಬಂದ. "ಜ್ವರ ಹೋಯ್ತು ಸಾರ್. ಇನ್ನು ಸತ್ತರೂ ಬರಲ್ಲ" ಎಂದು ನನಗೆ ಕೈಮುಗಿದ.

ಹಿರಿಯಣ್ಣನ ಪಾತ್ರ ನನ್ನ ಪಾಲಿಗೆ ಬಂತು. ಭಾನುವಾರಗಳಲ್ಲಿ ಅವರು ಭದ್ರಾವತಿಯಿಂದ ನಮ್ಮ ಮನೆಗೆ ಬರತೊಡಗಿದರು. ಬಂದು, ಚಾಪೆಯ ಮೇಲೆ ಕೂತು, ನಮ್ಮ ಮನೆಯ ಆಡಳಿತವನ್ನು ಪರಿಶೀಲಿಸುತ್ತಿದ್ದರು. ಸೌದೆ ಹಸಿಯಿದೆ, ಬಾವಿಯ ಹಗ್ಗ ಸವೆದಿದೆ, ಹಿತ್ತಿಲ ನುಗ್ಗೆಮರ ಗೋಡೆಗೆ ತಾಗುತ್ತಿದೆ. ಸಾವಿತ್ರಿ ಮೊದಮೊದಲು ಸಿಡಿಮಿಡಿಗೊಂಡಳು. ಆಮೇಲೆ ಅವರೇ ಹಗ್ಗ ತಂದು ಕಟ್ಟಿ, ನುಗ್ಗೆಯ ಕೊಂಬೆ ಕಡಿದು, "ನಿನ್ನ ಗಂಡನಿಗೆ ಮಾತು ಬಿಟ್ರೆ ಬೇರೆ ಕೆಲಸ ಬರಲ್ಲ ಅಲ್ವೇನಮ್ಮಾ?" ಎಂದ ಮೇಲೆ ಅವಳು ಪೂರ್ತಿ ಅವರ ಕಡೆಯಾದಳು. ನನ್ನ ಕುರ್ಚಿ ಕಿತ್ತುಕೊಂಡದ್ದಲ್ಲದೆ ನನ್ನ ಹೆಂಡತಿಯ ಮುಂದೆ ನನ್ನ ಬಂಡವಾಳವನ್ನೂ ಬಿಚ್ಚಿಟ್ಟರಲ್ಲ ಎಂದು ನನಗೆ ಮೈಯೆಲ್ಲ ಉರಿ.

ಹೀಗಿರುವಾಗ ಒಂದು ಬೆಳಿಗ್ಗೆ, ಕಚೇರಿಯ ಜಗಲಿಯಿಂದ ಒಂದು ಸ್ವರ ಕೇಳಿಸಿತು. "ನಮ್ಮ ಅಳಿಯಂದ್ರು, ಶಿವಮೊಗ್ಗದೋರು, ಹೆಡ್ ಕ್ಲಾರ್ಕು. ಎಲ್ಲಿ ಕೂರ್ತಾರಪ್ಪಾ?" ಹೊಳೆಹೊನ್ನೂರಿನ ಮಾವನವರು! ಹಾಲಿನಲ್ಲಿದ್ದ ಎಲ್ಲ ಪೆನ್ನುಗಳೂ ನಿಂತವು. ಟೈಪ್ ಯಂತ್ರವೂ ನಿಂತಿತು. ಜವಾನ ಸಿದ್ದ ಹೊರಗೆ, "ಹೆಡ್ ಕ್ಲಾರ್ಕಾ? ಅವರು..." ಎಂದು ಎಳೆಯುತ್ತಿದ್ದ. ಕೈ ಇಲ್ಲದ ಕುರ್ಚಿಯಲ್ಲಿ ನಾನು, ಎದುರಿಗೆ ಕೈ ಇರುವ ಕುರ್ಚಿಯಲ್ಲಿ ವೀರಭದ್ರಪ್ಪನವರು. ಇಷ್ಟು ವರ್ಷದ ಕಂಬದ ಮರ್ಯಾದೆಯೂ ಇನ್ನು ಉಳಿಯುವುದಿಲ್ಲ, ಸುಳ್ಳುಗಾರ ಅಳಿಯ ಎಂದು ಹೊಳೆಹೊನ್ನೂರಿನ ಸಂತೆಯಲ್ಲೆಲ್ಲ ಸುದ್ದಿಯಾಗುತ್ತದೆ, ಸಾವಿತ್ರಿ ತವರಿಗೆ ತಲೆಯೆತ್ತಿ ಹೋಗುವ ಹಾಗಿಲ್ಲ. ನೆಲ ಬಾಯಿ ಬಿಡಬಾರದೆ ಎನ್ನಿಸಿತು.

ವೀರಭದ್ರಪ್ಪನವರು ಒಮ್ಮೆ ಬಾಗಿಲ ಕಡೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಎದ್ದರು. ಮೇಜು ಸುತ್ತಿ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಹೋಗಿ, ಅಲ್ಲಿ ಕೂರ್ರೀ" ಎಂದು, ನನ್ನನ್ನು ಆ ಕಡೆ ದಬ್ಬಿ, ತಾವು ನನ್ನ ಕುಂಟು ಕುರ್ಚಿಯಲ್ಲಿ ಕೂತು, ನಾನು ಅರ್ಧ ಬರೆದಿಟ್ಟಿದ್ದ ಕಾಗದವನ್ನು ಬರೆಯತೊಡಗಿದರು. ಮಾವನವರು ಒಳಗೆ ಬಂದಾಗ ನಾನು ಕೈ ಇರುವ ಕುರ್ಚಿಯಲ್ಲಿದ್ದೆ. ಮೊಣಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ಮಾವನವರು ಸೌತೆಕಾಯಿಯ ಚೀಲವನ್ನು ಮೇಜಿನ ಮೇಲೆ ಇಟ್ಟು, ಕುರ್ಚಿಯ ಬೆತ್ತ ಮುಟ್ಟಿ ನೋಡಿ, "ಪರವಾಗಿಲ್ಲ" ಎಂದರು. ಆಮೇಲೆ ಎದುರಿಗಿದ್ದವರನ್ನು ಗಮನಿಸಿದರು.

"ಇವರು ಯಾರು?"

"ನಮ್ಮ... ಎರಡನೇ ಗುಮಾಸ್ತರು" ಎಂದೆ.

"ಈ ವಯಸ್ಸಲ್ಲೂ! ಏನಪ್ಪಾ, ಪರೀಕ್ಷೆಗಿರೀಕ್ಷೆ ಕಟ್ಟಲಿಲ್ವಾ ನೀನು?"

"ಕಟ್ಟಿದ್ದೆ ಯಜಮಾನ್ರೇ, ತಲೆಗೆ ಹತ್ತಲಿಲ್ಲ" ಎಂದರು ವೀರಭದ್ರಪ್ಪನವರು, ಎದ್ದು ನಿಂತು. ಆ ಸ್ವರ ಎಲ್ಲಿಂದ ತಂದರೋ! ಷಣ್ಮುಗಂ ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದ, ಮೇಲೆ ಬರಲೇ ಇಲ್ಲ.

"ನಮ್ಮ ಅಳಿಯಂದ್ರು ಹೇಗೆ? ಬೈತಾರಾ?"

"ಛೆ ಛೆ! ದೇವರಂಥೋರು. ಏನೇ ತಪ್ಪು ಮಾಡಿದ್ರೂ ತಿದ್ದಿ ಹೇಳ್ತಾರೆ. ಅವರಿಲ್ದಿದ್ರೆ ನಾವೆಲ್ಲ ತಬ್ಬಲಿಗಳು."

ಅಷ್ಟರಲ್ಲಿ ಒಳಗಿನಿಂದ ಸಾಹೇಬರ ಗಂಟೆ ಕೇಳಿಸಿತು. ಅದು ಹೆಡ್ ಕ್ಲಾರ್ಕರನ್ನು ಕರೆಯುವ ಗಂಟೆ. ನನಗೆ ಏಳಬೇಕೋ ಕೂರಬೇಕೋ ತಿಳಿಯದೆ ಅರ್ಧ ಎದ್ದು ನಿಂತೆ. ವೀರಭದ್ರಪ್ಪನವರು ಕೈಯೆತ್ತಿ, "ತಾವು ಕೂತಿರಿ ಸಾರ್, ನಾನು ಹೋಗಿ ಏನು ಅಂತ ಕೇಳ್ಕೊಂಡು ಬರ್ತೀನಿ" ಎಂದು ಒಳಗೆ ಓಡಿದರು. ಮಾವನವರು ತೃಪ್ತಿಯಿಂದ ತಲೆದೂಗಿ, "ಹಾಗೇ ಇಟ್ಕೊಳ್ಳಿ. ಇಂಥೋರಿಗೆ ಸಲಿಗೆ ಕೊಟ್ರೆ ನಾಳೆ ತಲೆ ಮೇಲೆ ಕೂರ್ತಾರೆ" ಎಂದು ನನಗೆ ಆಡಳಿತ ಹೇಳಿಕೊಟ್ಟರು. ಹೊರಡುವಾಗ ಚೀಲವನ್ನು ನನಗೆ ಬಿಟ್ಟು, ಅದರಿಂದ ಒಂದು ಸೌತೆಕಾಯಿ ಆರಿಸಿ ವೀರಭದ್ರಪ್ಪನವರ ಕೈಲಿಟ್ಟರು. "ತಗೋಪ್ಪಾ. ಮನೇಲಿ ಹುಳಿ ಮಾಡ್ಸು." ಅವರು ಅದನ್ನು ಕಣ್ಣಿಗೊತ್ತಿಕೊಂಡರು.

ಮಾವನವರ ಬೆನ್ನು ರಸ್ತೆಯಲ್ಲಿ ಮರೆಯಾಗುವವರೆಗೆ ಹಾಲಿನಲ್ಲಿ ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಎದ್ದ ನಗುವಿಗೆ ಸಾಹೇಬರೇ ಹೊರಗೆ ಬಂದು ನೋಡಿದರು. ನನಗೆ ಮಾತ್ರ ನಗು ಬರಲಿಲ್ಲ. ಅಳು ಬಂತು. ಈ ಮನುಷ್ಯನನ್ನು ಓಡಿಸಲು ನಾನು ಕಟ್ಟಿದ ಸುಳ್ಳನ್ನೆಲ್ಲ ಇವರು ನಂಬಿ, ಅದಕ್ಕೆ ತಕ್ಕ ಹಾಗೆ ನಡೆದುಕೊಂಡು, ನನ್ನ ಮಾನ ಉಳಿಸಿದರಲ್ಲ ಎಂದು ನಾಚಿಕೆಯೂ ಆಯಿತು, ಹೇಳಲಾರದಷ್ಟು ಪ್ರೀತಿಯೂ ಬಂತು. ಕೈ ಇರುವ ಕುರ್ಚಿಯಲ್ಲೇ ಕೂತು ಕಣ್ಣೊರೆಸಿಕೊಂಡೆ.

"ಏನ್ರೀ ಇದು, ಬೆತ್ತದ ಮೇಲೆ ನೀರು ಬಿದ್ರೆ ಕೊಳೆಯುತ್ತೆ. ಏಳ್ರೀ ಮೇಲೆ!" ಎಂದು ಗುಡುಗಿದರು ವೀರಭದ್ರಪ್ಪನವರು. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಎಷ್ಟೋ ದಿನಗಳ ಮೇಲೆ ಕೇಳಿದ ಆ ಗಂಟಲು ಎಂಥ ಹಿತವಾಗಿತ್ತು! "ಒಂದು ಕಾಗದ ನೆಟ್ಟಗೆ ಬರೆಯೋಕೆ ಬರಲ್ಲ, ಇಲ್ಲಿ ಕೂತು ಹೆಡ್ ಕ್ಲಾರ್ಕಿಕೆ ಬೇರೆ" ಎಂದು ನನ್ನ ಕಾಗದವನ್ನು ನನ್ನ ಕಡೆ ಎಸೆದರು. ಅಷ್ಟು ಹೊತ್ತಿನಲ್ಲೇ ಅದನ್ನು ಪೂರಾ ಹೊಡೆದುಹಾಕಿ ಬೇರೆ ಬರೆದಿದ್ದರು.

ಕೆಲವು ವರ್ಷಗಳ ಮೇಲೆ ಅವರು ನಿವೃತ್ತರಾದರು. ಮತ್ತೆ ಹಾರ, ನಿಂಬೆಹಣ್ಣು, ಉಪ್ಪಿಟ್ಟು. ಹೊಗಳಲು ಮತ್ತೆ ನಾನೇ. ಈ ಸಲ ನನ್ನ ಬಳಿ ಹೇಳುವುದಕ್ಕೆ ನಿಜವೇ ಬೇಕಾದಷ್ಟಿತ್ತು. ಆದರೆ ಹೇಳುವುದು ಹೇಗೆ? ಕುರ್ಚಿಯ ವಿಷಯ ಹೊಸ ಸಾಹೇಬರ ಎದುರು ಎತ್ತುವ ಹಾಗಿಲ್ಲ. ಬೇರೆ ಮಾತು ಹುಡುಕಿದರೆ ಎಲ್ಲ ಒಳ್ಳೆಯ ಮಾತೂ ಹೋದ ಸಲವೇ ಖರ್ಚಾಗಿಹೋಗಿತ್ತು. ತೆರೆದ ಮನಸ್ಸು ಎಂದೆ, ಹಿಂದಿನ ಸಾಲಿನವರು ಒಬ್ಬರನ್ನೊಬ್ಬರು ತಿವಿದರು. ತಾಯಿ ಕರುಳು ಎಂದೆ, ಯಾರೋ ಕೆಮ್ಮಿದರು. ಹಿರಿಯಣ್ಣ ಎಂದಾಗ ಬಹಿರಂಗವಾಗಿಯೇ ನಗು. ಸುಳ್ಳು ಹೇಳಿದಾಗ ಚಪ್ಪಾಳೆ ತಟ್ಟಿದ ಜನ ನಿಜ ಹೇಳಿದಾಗ ನಗುತ್ತಿದ್ದರು. ಹೊಗಳುವುದಕ್ಕೆಂದೇ ಹೆಸರಾದ ನಾನು, ನಡುವೆಯೇ ಮಾತು ನಿಂತು, ಮೇಜಿನ ಅಂಚು ಹಿಡಿದು ನಿಂತೆ. ಆಗ ಪಕ್ಕದಲ್ಲಿ ಕೂತಿದ್ದ ವೀರಭದ್ರಪ್ಪನವರು ನನ್ನ ಕೋಟಿನ ಚುಂಗು ಎಳೆದು, ತಮ್ಮ ಜೀವಮಾನದಲ್ಲೇ ಮೆಲುವಾದ ಸ್ವರದಲ್ಲಿ, "ಸಾಕು ಕೂತ್ಕೊಳ್ಳಿ ಮಾರಾಯ್ರೇ. ಈ ಸಲ ಎಷ್ಟು ಹೊಗಳಿದ್ರೂ ರದ್ದಾಗಲ್ಲ, ಹೆದರಬೇಡಿ" ಎಂದರು.

ಅಂದರೆ ಇವರಿಗೆ ಗೊತ್ತಿತ್ತೆ? ಯಾವಾಗಿನಿಂದ ಗೊತ್ತಿತ್ತು? ಕೇಳುವ ಧೈರ್ಯ ಬರಲಿಲ್ಲ. ಅವರು ಉಪ್ಪಿಟ್ಟು ತಿಂದು, ಇನ್ನೊಂದು ಸಲ ಹಾಕಿಸಿಕೊಂಡು ತಿಂದು, ಮೈಸೂರಿಗೆ ಮಗಳ ಮನೆಗೆ ಹೊರಟುಹೋದರು.

ನಾನು ನಿಜವಾಗಿಯೂ ಹೆಡ್ ಕ್ಲಾರ್ಕಾದೆ. ಆದರೆ ಆ ಸಂತೋಷವನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಕೋಟೆ ಬೀದಿಯವರು ಆ ಮಿಠಾಯಿ ತಿಂದು ಎಂದೋ ಮರೆತಿದ್ದರು. ಸಾವಿತ್ರಿ ಒಳಗಿನಿಂದಲೇ, "ಈಗಲಾದ್ರೂ ಆದ್ರಲ್ಲ" ಎಂದಳು, ಅಷ್ಟೇ. ಆ ವರ್ಷ ಹಬ್ಬಕ್ಕೆ ಹೊಳೆಹೊನ್ನೂರಿಗೆ ಹೋದೆವು. ಊಟವಾದ ಮೇಲೆ ಮಾವನವರು ಜಗಲಿಯ ಮೇಲೆ ನನಗೂ ಒಂದು ಒರಗುದಿಂಬು ಕೊಡಿಸಿ, ಎಲೆಗೆ ಸುಣ್ಣ ಹಚ್ಚುತ್ತ ಬಹಳ ಹೊತ್ತು ಯೋಚಿಸಿ ಹೇಳಿದರು.

"ಅಲ್ಲ ಅಳಿಯಂದ್ರೇ, ಎಷ್ಟು ವರ್ಷದಿಂದ ಅದೇ ಕುರ್ಚೀಲಿ ಕೂತಿದೀರಿ? ಮೇಲೆ ಹೋಗೋಕೆ ಏನಾದ್ರೂ ಪ್ರಯತ್ನ ಮಾಡ್ರಪ್ಪಾ. ಹೀಗೇ ಬಿಟ್ರೆ ಕೊನೆಗೆ ನೀವೂ ಆ ಎದುರು ಕುರ್ಚಿ ಮುದುಕನ ಹಾಗೇ ಆಗ್ತೀರಿ, ನೋಡ್ತಿರಿ."

"ಅವರ ಹಾಗೆ ಆಗೋದು ನನ್ನ ಕೈಲಿ ಆಗೋದಿಲ್ಲ ಮಾವ" ಎಂದೆ. ಅವರಿಗೆ ಸಮಾಧಾನವಾಯಿತು.